ದೂರದಿಂದ ಔಷಧ ಪರಿಶೀಲನೆ

ಚನ್ನಗಿರಿಯಂಥ ತಾಲ್ಲೂಕು ಕೇಂದ್ರದ ಚಿಕ್ಕ ಆಸ್ಪತ್ರೆಯೊಂದನ್ನು ಊಹಿಸಿಕೊಳ್ಳೋಣ. ನಡುರಾತ್ರಿ; 12 ಕಿಲೋಗ್ರಾಂ ತೂಕದ ಮಗುವಿಗೆ ತೀವ್ರ ಜ್ವರ. ಕಿಲೋಗ್ರಾಮಿಗೆ 15 ಮಿಲಿಗ್ರಾಮಿನಂತೆ 180 ಮಿಲಿಗ್ರಾಂ ಪ್ಯಾರಸಿಟಮಾಲ್ ಕೊಡಬೇಕೆಂದು ವೈದ್ಯರು ಬರೆದಿದ್ದಾರೆ. ಫಾರ್ಮಸಿಸ್ಟರು ಹಗಲಿನ ಕೆಲಸ ಮುಗಿಸಿ ಮನೆಗೆ ತೆರಳಿದ್ದಾರೆ.

ಕಪಾಟಿನಲ್ಲಿ ಈ ಔಷಧದ ಎರಡು ಬಗೆಯ ಸೀಸೆಗಳಿವೆ. ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ, ಎಂದರೆ ಮಿಲಿಲೀಟರಿಗೆ 25; ಹಸುಳೆಗಳಿಗಾಗಿ ತಯಾರಿಸಿದ ಹನಿಯೌಷಧದಲ್ಲಿ ಮಿಲಿಲೀಟರಿಗೆ 100. ಮೊದಲನೆಯದನ್ನು 7.2 ಮಿಲಿಲೀಟರ್ ಅಳೆದರೆ 180 ಮಿಲಿಗ್ರಾಂ ಸರಿಯಾಗುತ್ತದೆ. ಎರಡನೆಯದನ್ನು ಅಷ್ಟೇ ಅಳೆದರೆ 720 ಮಿಲಿಗ್ರಾಂ, ನಾಲ್ಕು ಪಟ್ಟು! ಚೀಟಿ ಸರಿ, ಔಷಧವೂ ಸರಿ. ತಪ್ಪಿದುದು ಸಾಂದ್ರತೆ ಮಾತ್ರ. ಇಂಥ ಅತಿಪ್ರಮಾಣ ಮೇಲಿಂದ ಮೇಲೆ ದೊರೆತರೆ ಯಕೃತ್ತಿಗೆ ಹಾನಿ. (ಇದು ಲೆಕ್ಕದ ಉದಾಹರಣೆಯೇ ಹೊರತು ಚಿಕಿತ್ಸೆಯ ಸಲಹೆಯಲ್ಲ.)

ಆದುದರಿಂದಲೇ ಬಲ್ಲವರೊಬ್ಬರ ಪರಿಶೀಲನೆ ಅಗತ್ಯ. ಚೀಟಿಯಂತೆ ಔಷಧ ವಿತರಿಸುವ ಹೊಣೆಯನ್ನು 1948ರ ಫಾರ್ಮಸಿ ಕಾಯಿದೆ ನೋಂದಾಯಿತ ಫಾರ್ಮಸಿಸ್ಟರಿಗೆ ವಹಿಸಿರುವುದರ ಮರ್ಮವೂ ಇದೇ. ಅವರು ಅದೇ ಕೋಣೆಯಲ್ಲಿಲ್ಲದಿದ್ದರೆ ಏನು ಮಾಡಬೇಕು?

ಈ ಪ್ರಶ್ನೆ ಹೊಸದಲ್ಲ. ಆಸ್ಟ್ರೇಲಿಯದ ‘ಹಾರುವ ವೈದ್ಯರ ಸೇವೆ’ 1942ರಲ್ಲಿ ಒಂಟಿ ನೆಲೆಗಳಿಗೆ ಔಷಧದ ಪೆಟ್ಟಿಗೆಗಳನ್ನು ಒದಗಿಸತೊಡಗಿತು. ಪ್ರತಿ ಔಷಧಕ್ಕೂ ಒಂದೊಂದು ಸಂಖ್ಯೆ. ವೈದ್ಯರು ರೇಡಿಯೋದಲ್ಲಿ ಸಂಖ್ಯೆಯನ್ನು ಹೇಳಿದರೆ ಸಾಕು, ಹೆಸರಿನ ಗೊಂದಲವಿಲ್ಲ. ಅಮೆರಿಕದ ಉತ್ತರ ಡಕೋಟ ರಾಜ್ಯದಲ್ಲಿ ದೂರ ಔಷಧಾಲಯ ಯೋಜನೆ 2002ರಲ್ಲಿ ಆರಂಭವಾಯಿತು. ಅದೇ ವರ್ಷ ನಮ್ಮ ಚಾಮರಾಜನಗರದ ಜಿಲ್ಲಾಸ್ಪತ್ರೆಯು ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಸಂಪರ್ಕ ಪಡೆಯಿತು.

ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ, ಸಂಕೇತ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಹಿಡಿಯುತ್ತದೆ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಚನ್ನಗಿರಿಯಿಂದ ಬೆಂಗಳೂರಿಗೆ ಎಳೆಯ ಉದ್ದ 250 ಕಿಲೋಮೀಟರ್ ಎಂದಿಟ್ಟುಕೊಂಡರೆ, ಒಮ್ಮೆ ಸಾಗಲು ಸೆಕೆಂಡಿನ 800ನೆಯ ಒಂದು ಭಾಗ ಸಾಕು. ಚೀಟಿಯ ಚಿತ್ರ, ಮಗುವಿನ ತೂಕ, ಸೀಸೆಯ ಮೇಲಿನ ಬರಹ, ಇವೆಲ್ಲ ದೂರದ ಫಾರ್ಮಸಿಸ್ಟರ ಕಣ್ಣೆದುರು ಒಡನೆಯೇ ಮೂಡುತ್ತವೆ. “ಆ ಸೀಸೆ ಬೇಡ” ಎಂಬ ಎಚ್ಚರಿಕೆ ದಾದಿ ಔಷಧವನ್ನು ಅಳೆಯುವ ಮೊದಲೇ ಬಂದು ಮುಟ್ಟಬಲ್ಲದು.

ಆದರೆ ಬೆಳಕು ಔಷಧವನ್ನು ಹೊತ್ತು ತರಲಾರದು. ತಪ್ಪಾಗಿ ತಿಳಿಸಿದ ತೂಕವನ್ನು ತಿದ್ದಲಾರದು. ಕಪಾಟು ತುಂಬಿರಬೇಕು, ತಕ್ಕಡಿ ಸರಿಯಿರಬೇಕು. ಆದಕಾರಣ ಈ ವ್ಯವಸ್ಥೆ ಸ್ಥಳದ ಫಾರ್ಮಸಿಸ್ಟರಿಗೆ ನೆರವೇ ಹೊರತು ಬದಲಿಯಲ್ಲ.

ಕಪಾಟಿನಲ್ಲಿದ್ದುದು 5 ಮಿಲಿಲೀಟರಿಗೆ 250 ಮಿಲಿಗ್ರಾಮಿನ ಸಿರಪ್ಪಾಗಿದ್ದರೆ, ಆ ಮಗುವಿಗೆ ಎಷ್ಟು ಅಳೆಯಬೇಕಾಗಿತ್ತು? ವಾಚಕರು ಲೆಕ್ಕ ಮಾಡಿ ನೋಡಲಿ.