ಕಲಾ ವಿದ್ಯಾರ್ಥಿಗೆ ಮುಕ್ತ ತಂತ್ರಾಂಶದ ಪಾಠ

ಗಣಕಯಂತ್ರವು ವಿಜ್ಞಾನದ ವಿದ್ಯಾರ್ಥಿಗಳಿಗೆ ಮೀಸಲೆಂದೂ, ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದುವ ನಮಗೆ ಅದರ ಸಹವಾಸವು ಅರ್ಜಿ ತುಂಬುವಷ್ಟಕ್ಕೆ ಸಾಕೆಂದೂ ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಈ ನಂಬಿಕೆಯು ಸರಿಯಲ್ಲವೆಂದೂ, ಕಲಾ ಕಾಲೇಜುಗಳಲ್ಲಿ ಮುಕ್ತ ತಂತ್ರಾಂಶವನ್ನು ಒಂದು ವಿಷಯವನ್ನಾಗಿ ಕಲಿಸಬೇಕೆಂದೂ ನನ್ನ ಅಭಿಪ್ರಾಯ.

ಮುಕ್ತ ತಂತ್ರಾಂಶವೆಂದರೇನು? ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಬರವಣಿಗೆಗೆ ತಂತ್ರಾಂಶವೆಂದು ಹೆಸರು. ಅನೇಕ ಕಂಪನಿಗಳು ಆ ಬರವಣಿಗೆಯನ್ನು ಗುಟ್ಟಾಗಿಟ್ಟು, ಬಳಸುವ ಅನುಮತಿಯನ್ನು ಮಾತ್ರ ಮಾರುತ್ತವೆ. ಮುಕ್ತ ತಂತ್ರಾಂಶವನ್ನಾದರೋ ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಪರರಿಗೆ ಹಂಚಬಹುದು. ನಮ್ಮ ನೆರೆಯ ಇಲಕಲ್ಲಿನ ಸೀರೆಯನ್ನೇ ನೋಡಿರಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ವಿದ್ಯೆಯು ಯಾರೊಬ್ಬರ ಪೆಟ್ಟಿಗೆಯಲ್ಲಿಯೂ ಬೀಗ ಹಾಕಿ ಇಟ್ಟುದಲ್ಲ. ಮಗ್ಗದ ಬದಿಗೆ ಕುಳಿತು ನೋಡಿದವರು ಕಲಿತರು. ಹಾಗೆಂದು ಸೀರೆಯೇನೂ ಪುಕ್ಕಟೆ ಸಿಗುವುದಿಲ್ಲ. ತಂತ್ರಾಂಶದಲ್ಲಿಯೂ ಅಷ್ಟೆ. ಹಣವಿಲ್ಲದೆ ದೊರೆತರೂ ಒಳಗಿನ ಬರವಣಿಗೆಯನ್ನು ತೋರಿಸದಿದ್ದರೆ ಅದು ಮುಕ್ತವೆನಿಸದು.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಗ್ನೂ’ ಯೋಜನೆಯನ್ನು ಸಾರಿ ಈ ಚಳವಳಿಗೆ ತಳಹದಿ ಹಾಕಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಎಂಬ ತಿರುಳನ್ನು ಎಲ್ಲರ ಮುಂದಿಟ್ಟರು. ಆಗ ಅವರಿಗೆ 21 ವರ್ಷ. ನಮ್ಮ ತರಗತಿಯವರದೇ ವಯಸ್ಸು. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಇದೇ ಲಿನಕ್ಸ್.

ಇದರಿಂದ ಕನ್ನಡಕ್ಕೇನು ಲಾಭ? ನಾನು ಒಮ್ಮೆ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿದ ಪ್ರಬಂಧವನ್ನು ಇನ್ನೊಂದು ಯಂತ್ರದಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಇರಲಿಲ್ಲ; ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಿತ್ತು. ಹಳೆಯ ಲಿಪಿ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ತಮತಮಗೆ ತೋರಿದಂತೆ ಕೂಡಿಸಿದ್ದುದೇ ಇದಕ್ಕೆ ಕಾರಣ. ಅದೇ ಲಿಪಿ ಇಲ್ಲದ ಕಡೆ ಬರಹವೇ ಸತ್ತಂತೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡ ಯೂನಿಕೋಡ್, ಪ್ರತಿ ಅಕ್ಷರಕ್ಕೂ ಎಲ್ಲರೂ ಒಪ್ಪಿದ ಒಂದು ಸಂಖ್ಯೆಯನ್ನು ಕೊಟ್ಟು ಈ ತೊಡಕನ್ನು ಬಿಡಿಸಿತು. ಅದಕ್ಕೆ ಹೊಂದುವ ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನ ಮುಕ್ತ ಲಿಪಿಗಳಿವೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳನ್ನು ಕನ್ನಡದಲ್ಲಿಯೇ ಬಳಸಬಹುದು. ವ್ಯಾಪಾರಕ್ಕೆ ಗಿಟ್ಟದ ಭಾಷೆಯ ಕೆಲಸವನ್ನು ಆ ಭಾಷೆಯನ್ನಾಡುವವರೇ ಕೈಗೆತ್ತಿಕೊಳ್ಳಲು ಇಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ.

ಆ ಕೆಲಸಕ್ಕೆ ಬೇಕಾದವರು ಯಾರು? ಕಾಗುಣಿತ ತಿದ್ದುವ ತಂತ್ರಾಂಶವನ್ನು ತೆಗೆದುಕೊಳ್ಳಿರಿ. ‘ಮರ’ವೆಂಬ ಒಂದೇ ಶಬ್ದವು ಮರವನ್ನು, ಮರದಿಂದ, ಮರಕ್ಕೆ, ಮರಗಳಲ್ಲಿಯೂ ಎಂದು ರೂಪ ತಾಳುತ್ತ ಹೋಗುತ್ತದೆ. ಇವನ್ನೆಲ್ಲ ಪಟ್ಟಿ ಮಾಡಿ ಮುಗಿಸಲಾದೀತೆ? ಸಂಧಿ, ವಿಭಕ್ತಿಗಳ ನಿಯಮವನ್ನೇ ಯಂತ್ರಕ್ಕೆ ತಿಳಿಸಬೇಕು. ಕೇಶಿರಾಜನನ್ನು ಓದುವುದು ಪರೀಕ್ಷೆಗಲ್ಲದೆ ಮತ್ತೇತಕ್ಕೆ ಎಂದು ಗೊಣಗುವ ಗೆಳೆಯರಿಗೆ ನನ್ನ ಉತ್ತರವಿದು.

ಮಾದರಿಗಳು ದೂರವಿಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯು ಮುಂದೆ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸಿನ ಮೇಲೆ, ಕನ್ನಡದಲ್ಲಿ ಅಚ್ಚಾದ ಪುಸ್ತಕದಿಂದ ಗಣಕವಿದ್ಯೆಯನ್ನು ಕಲಿಯುತ್ತಾರೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಪದವಿಯ ಭಾಷಾ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆದಿದ್ದಾರೆ. ನಮ್ಮ ಪದವಿ ತರಗತಿಗಳಿಗೂ 2021ರಲ್ಲಿ ‘ಡಿಜಿಟಲ್ ಫ್ಲೂಯೆನ್ಸಿ’ ಎಂಬ ಪಾಠ ಬಂದಿತ್ತು. ಕೃತಕ ಬುದ್ಧಿಮತ್ತೆ, ಸೈಬರ್ ಭದ್ರತೆ ಮುಂತಾದ ದೊಡ್ಡ ಹೆಸರುಗಳ ಪರಿಚಯ ಅದರಲ್ಲಿತ್ತು. ಪರಿಚಯಕ್ಕಿಂತ ಕೈಕೆಲಸ ನಮಗೆ ಹೆಚ್ಚು ಅವಶ್ಯ.

ಕಚೇರಿಗಳಲ್ಲಿ ಮೈಕ್ರೋಸಾಫ್ಟ್ ವರ್ಡ್ ಕೇಳುತ್ತಾರೆ, ಬೇರೆಯದನ್ನು ಕಲಿತು ನೌಕರಿ ಸಿಕ್ಕೀತೆ ಎಂಬ ಆಕ್ಷೇಪವಿದೆ. ಅದು ಹುರುಳಿಲ್ಲದ್ದಲ್ಲ. ಒಂದರಲ್ಲಿ ಸಿದ್ಧಪಡಿಸಿದ ಕಾಗದವು ಇನ್ನೊಂದರಲ್ಲಿ ಕೆಲವೊಮ್ಮೆ ಸಾಲುಗೆಡುವುದೂ ಉಂಟು. ಆದರೆ ಲಿಬ್ರೆ ಆಫೀಸಿನಲ್ಲಿ ಪಳಗಿದ ಕೈ ವರ್ಡಿಗೆ ಹೊಂದಿಕೊಳ್ಳಲು ಕೆಲವು ದಿನಗಳು ಸಾಕು. ಇನ್ನೊಂದು ಮಾತು: ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ನಮ್ಮಂಥವರು ತಂತ್ರಾಂಶದ ಪರವಾನಗಿಗೆ ಎಲ್ಲಿಂದ ಹಣ ತಂದೇವು? ಕದ್ದ ಪ್ರತಿಯನ್ನು ಬಳಸಬೇಕು, ಇಲ್ಲವೆ ಕಲಿತದ್ದನ್ನು ಕಾಲೇಜಿನಲ್ಲೇ ಬಿಟ್ಟು ಹೋಗಬೇಕು. ಮುಕ್ತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ರಾಜಾರೋಷವಾಗಿ ಮನೆಗೆ ಒಯ್ಯಬಹುದು.

ಒಂದು ಸೆಮಿಸ್ಟರಿನ ಐಚ್ಛಿಕ ಪಾಠವಾದರೂ ಸಾಕು. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವುದು, ಯೂನಿಕೋಡಿನಲ್ಲಿ ಕನ್ನಡ ಬರೆಯುವುದು, ಕಡೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಗುಡಿ, ಶಾಸನ, ಸಂತೆಗಳ ಬಗೆಗೆ ಆಧಾರಸಹಿತ ಲೇಖನವೊಂದನ್ನು ವಿಕಿಪೀಡಿಯಕ್ಕೆ ಸೇರಿಸುವುದು. ಹನುಮಸಾಗರದಿಂದಲೇ ಮೊದಲುಮಾಡಬಹುದು. ಕಲಿಸುವವರು ಯಾರು ಎಂಬುದೇ ನಿಜವಾದ ತೊಡಕು. ಮುಂಬಯಿ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಲಿನಕ್ಸ್, ಲಿಬ್ರೆ ಆಫೀಸ್‌ಗಳ ಪಾಠಗಳು ಕನ್ನಡ ಧ್ವನಿಯಲ್ಲಿವೆ. ಆಸಕ್ತ ಅಧ್ಯಾಪಕರೊಬ್ಬರು ಮುಂದೆ ನಿಂತರೆ ಅವುಗಳ ಬಲದಿಂದ ತರಗತಿ ನಡೆಸಬಹುದು. ಪಠ್ಯಕ್ರಮದ ಮಂಡಳಿಯಲ್ಲಿ ಈ ಮಾತನ್ನು ಎತ್ತಬೇಕೆಂದು ನಮ್ಮ ಅಧ್ಯಾಪಕ ವೃಂದವನ್ನು ವಿನಂತಿಸುತ್ತೇನೆ.