ನೆರಳಿಗೂ ಬಣ್ಣವುಂಟು

ಹೂದೋಟದ ಚಿತ್ರವನ್ನು ನೋಡುವಾಗ ಹೂವಿಗಿಂತ ಮೊದಲು ನೆರಳನ್ನು ನೋಡಿರಿ. ಮಿಲ್ಲಿನ ಹಾಜರಿ ಪುಸ್ತಕ ಬರೆದೂ ಬರೆದೂ, ನೆರಳೆಂದರೆ ಕಪ್ಪು ಶಾಯಿಯೆಂದೇ ನಾನೂ ತಿಳಿದಿದ್ದೆ.

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೇ ಜಿವರ್ನಿಯ ತನ್ನ ತೋಟವನ್ನು 1900ರಲ್ಲಿ ಬರೆದ. ಸಾಲುಸಾಲು ನೇರಳೆ ಐರಿಸ್ ಹೂಗಳು. ಮರಗಳ ಆಚೆ ಅರೆಬರೆಯಾಗಿ ಮನೆ. ನೆರಳಿನಲ್ಲಿ ನೀಲಿ, ನೇರಳೆಗಳಿವೆ. ಬಿಸಿಲು ತಡೆದ ಕಡೆಯೂ ಆಕಾಶದ ನೀಲಿ ಬೆಳಕು ಬಿದ್ದೇ ಬೀಳುತ್ತದೆ. ಹೂವಿನ ಸಡಗರದಲ್ಲಿಯೂ ಚಿತ್ರಕ್ಕೊಂದು ತಂಪು ಬಂದಿರುವುದು ಇದರಿಂದ. ನನಗಂತೂ ಊರಿನ ಹಿತ್ತಿಲು ನೆನಪಾಗಿ ಮನಸ್ಸು ಭಾರವಾಯಿತು. ನೀಲಿಯೆಂದರೆ ದುಃಖ, ಕೆಂಪೆಂದರೆ ಸಂತೋಷ ಎಂಬ ಲೆಕ್ಕ ಇಲ್ಲಿ ನಡೆಯದು. ಪಕ್ಕದ ಬಣ್ಣ ಯಾವುದೆಂದು ನೋಡಬೇಕು.

ನಮ್ಮವರೇ ಆದ ರುಮಾಲೆ ಚನ್ನಬಸವಯ್ಯನವರೂ (1910–1988) ಬೆಂಗಳೂರಿನ ಹೂಮರಗಳನ್ನು ಹೀಗೆಯೇ ಬಿಸಿಲಿನ ಬಣ್ಣಗಳಲ್ಲಿ ಬರೆದರು.

ಮೇ ತಿಂಗಳಲ್ಲಿ ಠಾಣೆಯಲ್ಲಿ ಗುಲ್‌ಮೊಹರ್ ಕೆಂಪಾದಾಗ, ಲೋಕಲ್ ಹಿಡಿಯುವ ಮುನ್ನ ಎರಡು ನಿಮಿಷ ಅದರ ನೆರಳನ್ನು ನೋಡಿರಿ. ಕಪ್ಪಾಗಿ ಕಂಡರೆ ಇನ್ನೊಂದು ನಿಮಿಷ ನಿಲ್ಲಿರಿ.