ಹಳೇ ಕಾರು, ಹೊಸ ಬಿಲ್

ಪುಟ್ಟಿ,

ನೀನು ಕಳಿಸಿದ ಎರಡು ಕಾರುಗಳ ಫೋಟೊ ನೋಡಿದೆ. ಒಂದು 2017ರ ಬಿಎಂಡಬ್ಲ್ಯು ಎಕ್ಸ್1 ಡೀಸೆಲ್, ಬೆಂಗಳೂರಿನದೇ ನೋಂದಣಿ, ಒಬ್ಬರೇ ಮಾಲೀಕರು. ಇನ್ನೊಂದು 2014ರ ಆಡಿ ಕ್ಯೂ3, ದೆಹಲಿ ನಂಬರಿನದು, ನೋಡೋಕೆ ಇದೇ ಹೆಚ್ಚು ಲಕಲಕ ಅನ್ನುತ್ತಿದೆ, ಬೆಲೆಯೂ ಕಡಿಮೆ. ಫೋನಿನಲ್ಲೇ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ವಯಸ್ಸಿನ, ನಿನ್ನಷ್ಟೇ ಸಂಬಳದ ಎಷ್ಟೋ ಹುಡುಗ ಹುಡುಗಿಯರು ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಿಮ್ಮಪ್ಪನ ಹಾಗೆ ‘ಇದೆಲ್ಲ ನಮಗ್ಯಾಕೆ’ ಎಂದು ನಾನು ಹೇಳುವವನಲ್ಲ. ನಾನೂ ಸೆಕೆಂಡ್ ಹ್ಯಾಂಡ್ ಜರ್ಮನ್ ಗಾಡಿ ಸಾಕಿದವನೇ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ತಿರುವಿನಲ್ಲಿ ಗಾಡಿ ವಾಲದೆ ರಸ್ತೆ ಕಚ್ಚಿಕೊಂಡು ಹೋಗುತ್ತದಲ್ಲ, ಆ ಸುಖಕ್ಕೆ ದುಡ್ಡು ಕೊಡುವುದು ದುಂದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. (ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಾತ್ರ ಆ ಇಂಜಿನ್ನಿಗೆ ಕೆಲಸವಿಲ್ಲ. 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ.)

ನಿನ್ನ ಲೆಕ್ಕ ಎಲ್ಲಿ ತಪ್ಪಿದೆ ಅಂದರೆ, ‘ಹೊಸ ಕ್ರೆಟಾ ಬೆಲೆಗೆ ಬಿಎಂಡಬ್ಲ್ಯು’ ಎಂದು ಬರೆದಿದ್ದೀಯಲ್ಲ, ಅಲ್ಲಿ. 2023ರ ಜನವರಿಯಲ್ಲಿ ಹೊಸ ಎಕ್ಸ್1 ಬಂದಾಗ ಶೋರೂಂ ಬೆಲೆಯೇ 45.90 ಲಕ್ಷದಿಂದ ಶುರುವಾಗುತ್ತಿತ್ತು. ಹಳೆಯದು ಅದರ ಮೂರನೇ ಒಂದು ಪಾಲಿಗೋ ಇನ್ನೂ ಕಡಿಮೆಗೋ ಸಿಗಬಹುದು. ಆದರೆ ಇಳಿದಿರುವುದು ಕಾರಿನ ಬೆಲೆ, ಅದರ ಹೆಡ್‌ಲೈಟಿನ ಬೆಲೆ ಇಳಿದಿಲ್ಲ. ಒಂದು ಎಲ್‌ಇಡಿ ಹೆಡ್‌ಲೈಟ್ ಲಕ್ಷ ರೂಪಾಯಿ ದಾಟುವುದು ಈ ಕಾರುಗಳಲ್ಲಿ ಸಾಮಾನ್ಯ. ಟೈರು, ಬ್ರೇಕ್ ಡಿಸ್ಕು, ಸಸ್ಪೆನ್ಷನ್ ಎಲ್ಲಕ್ಕೂ ನಲವತ್ತೈದು ಲಕ್ಷದ ಕಾರಿನ ದರವೇ. ಕೊಳ್ಳುವ ಬೆಲೆಯೊಂದನ್ನೇ ನೋಡುವುದು ಮದುವೆಗೆ ಛತ್ರದ ಬಾಡಿಗೆ ಹಾಕಿ ಊಟದ ಲೆಕ್ಕ ಬಿಟ್ಟ ಹಾಗೆ. ಕಾರಿಗೆ ಕೊಡುವ ದುಡ್ಡಿನ ಕಾಲು ಭಾಗದಷ್ಟು ಬೇರೆಯಾಗಿ ಬ್ಯಾಂಕಿನಲ್ಲಿರಲಿ. ಅಷ್ಟಿಲ್ಲದಿದ್ದರೆ ಕ್ರೆಟಾನೇ ತಗೋ, ಅದೇನು ಕೆಟ್ಟ ಗಾಡಿಯಲ್ಲ.

ದುಡ್ಡಿದೆ ಅಂದರೆ ಮುಂದಕ್ಕೆ ಓದು.

ಗಾಡಿ ನೋಡಲು ಬೆಳಿಗ್ಗೆ ಹೋಗು, ಮೊದಲೇ ಫೋನ್ ಮಾಡಿ ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳು. ಬಾನೆಟ್ ಮೇಲೆ ಕೈಯಿಟ್ಟು ನೋಡು. ಬಿಸಿ ಇದ್ದರೆ ಅವರು ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅನುಮಾನ ಪಡು. ತಣ್ಣಗಿದ್ದರೆ ಬಾನೆಟ್ ಎತ್ತಿಸಿ, ಪಕ್ಕದಲ್ಲಿ ನಿಂತು, ಬೇರೆಯವರ ಕೈಲಿ ಸ್ಟಾರ್ಟ್ ಮಾಡಿಸಿ ಕೇಳಿಸಿಕೋ. ಎಕ್ಸ್1 ಭಾರತಕ್ಕೆ 2010ರ ಕೊನೆಯಲ್ಲಿ ಬಂತು. ಆ ಮೊದಲ ಪೀಳಿಗೆಯ ಡೀಸೆಲ್ ಇಂಜಿನ್ನಿಗೆ ಎನ್47 ಎಂದು ಹೆಸರು. ಅದರ ಟೈಮಿಂಗ್ ಚೈನ್ ಸವೆದು ಸಡಿಲವಾಗುವುದು ಲೋಕಕ್ಕೆಲ್ಲ ಗೊತ್ತಿರುವ ಕಥೆ. ಚೈನು ಇಂಜಿನ್ನಿನ ಮುಂದಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇದರಲ್ಲಿ ಹಿಂದೆ, ಗೇರ್‌ಬಾಕ್ಸ್ ಕಡೆಗಿದೆ. ಚೈನು ಮುಟ್ಟಬೇಕೆಂದರೆ ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಬಿಲ್ಲಿನಲ್ಲಿ ಚೈನಿಗಿಂತ ಕೂಲಿಯೇ ಹೆಚ್ಚಾಗಿರುತ್ತದೆ. ನೀನು ನೋಡಿರುವುದು 2016ರ ನಂತರದ ಎರಡನೇ ಪೀಳಿಗೆ, ಇಂಜಿನ್ ಬೇರೆ. ಆದರೂ ಚೈನಿನ ಜಾಗ ಹಿಂದೆಯೇ. ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡು ಹಿಂಬದಿಯಿಂದ ಚರಚರ ಸದ್ದು ಬಂದರೆ ವ್ಯವಹಾರದ ಮಾತೇ ಬೇಡ, ವಾಪಸ್ ಬಾ.

ಇನ್ನೊಂದು ಕೆಲಸ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಬೆಂಕಿ ಹತ್ತಿಕೊಂಡ ಮೇಲೆ, ಇಜಿಆರ್ ಕೂಲರ್ ಬದಲಿಸಲು ಕಂಪನಿ ಹಲವು ದೇಶಗಳಲ್ಲಿ ಕಾರುಗಳನ್ನು ವಾಪಸ್ ಕರೆಸಿತು. ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳು, ಈ ಕಾರಿಗೆ ಏನಾದರೂ ಬಾಕಿಯಿದ್ದರೆ ಹೇಳುತ್ತಾರೆ. ಸರ್ವಿಸ್ ದಾಖಲೆಯನ್ನೂ ಆಗಲೇ ಕೇಳು. ಮೀಟರಿನ ಕಿಲೋಮೀಟರ್ ತಿದ್ದುವುದು ಕೆಲವರಿಗೆ ಅರ್ಧ ಗಂಟೆಯ ಕೆಲಸ, ಆದರೆ ಹಳೆಯ ಸರ್ವಿಸ್ ಬಿಲ್ಲುಗಳಲ್ಲಿ ಬರೆದಿದ್ದನ್ನು ತಿದ್ದುವುದು ಅಷ್ಟು ಸಲೀಸಲ್ಲ.

ಕ್ಯೂ3ಯ ಏಳು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಗಟ್ಟಿಮುಟ್ಟಾದದ್ದು. ಆದರೆ ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, 60,000 ಕಿ.ಮೀ.ಗೊಮ್ಮೆ ಎಣ್ಣೆ, ಫಿಲ್ಟರ್ ಬದಲಿಸಬೇಕು. ‘ಇದಕ್ಕೆ ಜೀವಮಾನವಿಡೀ ಎಣ್ಣೆ ಹಾಕಬೇಕಿಲ್ಲ’ ಎಂದು ಬ್ರೋಕರ್ ಹೇಳಿದರೆ, ಅವರು ಹೇಳುತ್ತಿರುವುದು ತಮ್ಮ ಕಮಿಷನ್ನಿನ ಜೀವಮಾನ.

ಸನ್‌ರೂಫ್ ಇರುವ ಕಾರು ಬೇಕೇ ಬೇಕು ಅಂದಿದ್ದೀಯ. ಅದರ ನಾಲ್ಕು ಮೂಲೆಯಲ್ಲಿ ನೀರು ಇಳಿಯಲು ಬೆರಳು ದಪ್ಪವೂ ಇಲ್ಲದ ಕೊಳವೆಗಳಿರುತ್ತವೆ. ನಮ್ಮ ಮನೆ ಮುಂದಿನ ಹೊಂಗೆ ಮರ ನಿನಗೆ ಗೊತ್ತಲ್ಲ, ಒಂದು ಮಳೆಗಾಲ ನಿನ್ನ ದೊಡ್ಡಮ್ಮ ಕೂರುವ ಸೀಟಿನ ಕೆಳಗೆ ಮ್ಯಾಟು ಒದ್ದೆಯಾಗತೊಡಗಿತು. ಎಸಿ ನೀರು ಇರಬೇಕು ಅಂದರು ಒಬ್ಬರು. ಕೊನೆಗೆ ನಮ್ಮ ಮೆಕ್ಯಾನಿಕ್ ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ತಂದು ಕೊಳವೆಯೊಳಗೆ ಮೆಲ್ಲಗೆ ತೂರಿಸಿದ. ಕೊಳೆತ ಹೊಂಗೆ ಹೂವಿನ ಕಪ್ಪು ಗಸಿ ಬುಳಕ್ಕನೆ ಕೆಳಗಿಳಿಯಿತು, ಹಿಂದೆಯೇ ನೀರು. ಆ ಕಾರ್ಪೆಟ್ಟಿನ ಅಡಿಯಲ್ಲೇ ವೈರಿಂಗ್ ಹಾದುಹೋಗಿದೆ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತೋ. ನಿಮ್ಮ ಜಯನಗರದ ಬೀದಿಯಲ್ಲಿ ಮರಗಳಿಗೇನು ಬರವಿಲ್ಲ. ಮುಂಗಾರಿಗೆ ಮುಂಚೆ ಮಗ್ಗಿನಲ್ಲಿ ನೀರು ಹುಯ್ದು, ಚಕ್ರದ ಪಕ್ಕ ಇಳಿಯುತ್ತದೋ ಇಲ್ಲವೋ ನೋಡಿಸು.

ನೀರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಬೆಳ್ಳಂದೂರು ಕಡೆ ನೆರೆ ಬಂದು ಕೋಟಿ ಬೆಲೆಯ ಕಾರುಗಳು ಮುಳುಗಿದ್ದನ್ನು ಟೀವಿಯಲ್ಲಿ ನೋಡಿದ್ದೇವೆ. ಮುಳುಗಿದ ಕಾರೆಲ್ಲ ಗುಜರಿಗೆ ಹೋಗುವುದಿಲ್ಲ, ತೊಳೆಸಿಕೊಂಡು ಮಾರುಕಟ್ಟೆಗೂ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು. ಮುಂದಿನ ಒಂದು ಗೇಣು ಉಜ್ಜಿ ತೊಳೆದಿರುತ್ತಾರೆ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಬೋಲ್ಟುಗಳ ಮೇಲೆ ತುಕ್ಕಿದ್ದರೂ ಅದೇ ಅರ್ಥ. ಇನ್ಶೂರೆನ್ಸ್ ಮಾಡಿಸುವಾಗ ಇಂಜಿನ್ ಪ್ರೊಟೆಕ್ಟ್ ಸೇರಿಸು, ಇಂಜಿನ್ನಿಗೆ ನೀರು ನುಗ್ಗಿದರೆ ಮಾಮೂಲಿ ಪಾಲಿಸಿ ಕೈಹಿಡಿಯುವುದಿಲ್ಲ. ಮಾರುವವರ ನೋ ಕ್ಲೈಮ್ ಬೋನಸ್ ಅವರ ಜೊತೆಯೇ ಹೋಗುತ್ತದೆ, ನಿನಗೆ ಸಿಗದು. ಪಾಲಿಸಿ ನಿನ್ನ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು.

ಟೈರಿನ ಬದಿಯಲ್ಲಿ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಬಿಎಂಡಬ್ಲ್ಯುಗೆ ರನ್‌ಫ್ಲಾಟ್ ಟೈರುಗಳಿದ್ದರೆ ಗಾಳಿ ಹೋದರೂ 80 ಕಿ.ಮೀ. ವೇಗದಲ್ಲಿ ಸುಮಾರು 80 ಕಿ.ಮೀ. ಓಡಿಸಬಹುದು, ಸರಿ. ಆದರೆ ಅವು ಬಿರುಸು, ದುಬಾರಿ ಬೇರೆ, ಹಂಪು-ಗುಂಡಿಯಲ್ಲಿ ಬೆನ್ನಿಗೆ ತಿಳಿಯುತ್ತದೆ. ರಾತ್ರಿ ಹಾಸನದ ಆಚೆ ಎಲ್ಲೋ ಟೈರ್ ಹೋದರೆ ಪಂಕ್ಚರ್ ಅಂಗಡಿಯವರು ಅದನ್ನು ಮುಟ್ಟುವುದಕ್ಕೂ ಹಿಂಜರಿಯುತ್ತಾರೆ.

ಈಗ ಆ ದೆಹಲಿ ಗಾಡಿಯ ವಿಷಯ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ದೆಹಲಿ ಸೀಮೆಯಲ್ಲಿ ಓಡಕೂಡದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಉತ್ತರದ ಡೀಸೆಲ್ ಕಾರುಗಳು ಸಾಲುಸಾಲಾಗಿ ದಕ್ಷಿಣಕ್ಕೆ ಇಳಿಯುತ್ತಿವೆ. ಬೆಲೆ ಕಡಿಮೆ ಯಾಕೆ ಅಂತ ಈಗ ತಿಳಿಯಿತಲ್ಲ. ಎನ್‌ಒಸಿ ತಂದು ಇಲ್ಲಿನ ಆರ್‌ಟಿಒದಲ್ಲಿ ಮರುನೋಂದಣಿ ಮಾಡಿಸಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇ 18. ಗಾಡಿಯ ವಯಸ್ಸಿಗೆ ರಿಯಾಯಿತಿ ಇದೆ, ಆದರೆ ಲೆಕ್ಕ ಶುರುವಾಗುವುದು ನೀನು ಕೊಡುವ ಬೆಲೆಯಿಂದಲ್ಲ, ಹೊಸದರಲ್ಲಿ ಇದ್ದ ಬೆಲೆಯಿಂದ. ಅದರ ಮೇಲೆ, ಹದಿನೈದು ವರ್ಷದ ನೋಂದಣಿ 2029ಕ್ಕೆ ಮುಗಿಯುತ್ತದೆ. 2015ರ ಡೀಸೆಲ್ ಹೊಗೆ ಹಗರಣದಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಭಾರತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿದಾಗ ಆಡಿಗಳೂ ಅದರಲ್ಲಿದ್ದವು, ಆ ಕೆಲಸ ಈ ಗಾಡಿಗೆ ಆಗಿದೆಯೋ ಇಲ್ಲವೋ ಅದನ್ನೂ ಹುಡುಕಬೇಕು.

ನನ್ನ ತೀರ್ಮಾನ ಇಷ್ಟು: ಕ್ಯೂ3 ಬಿಡು, ಎಷ್ಟೇ ಇಳಿಸಿ ಕೊಟ್ಟರೂ ಬೇಡ. ಎಕ್ಸ್1ಗೆ ಅಡ್ವಾನ್ಸ್ ಕೊಡುವ ಮುಂಚೆ ಜರ್ಮನ್ ಕಾರುಗಳನ್ನೇ ನೋಡುವ ಗ್ಯಾರೇಜಿಗೆ ಒಯ್ದು, ಲಿಫ್ಟಿಗೇರಿಸಿ, ಸ್ಕ್ಯಾನರ್ ಹಾಕಿಸು. ಅವರು ಕೇಳುವ ಕೆಲವು ಸಾವಿರಕ್ಕೆ ಚೌಕಾಸಿ ಮಾಡಬೇಡ. ಮಾರುವವರು ‘ಅದೆಲ್ಲ ಯಾಕೆ, ನಮ್ಮ ಮೇಲೆ ನಂಬಿಕೆಯಿಲ್ಲವಾ’ ಎಂದರೆ ನಮಸ್ಕಾರ ಹೇಳಿ ಎದ್ದು ಬಾ. ಒಪ್ಪಿದರೆ ದಿನ ಗೊತ್ತುಮಾಡಿ ತಿಳಿಸು, ಬೆಳಗಿನ ರೈಲಿಗೆ ನಾನೂ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ